ಅವ್ವನ ಉಡಿಯಲ್ಲಿ ಪಾರ್ಕಿನ ಹಕ್ಕರಕಿ

ಕಳೆದ ಭಾನುವಾರ ಜರ್ಮನಿಯ ಲೈಪ್ಜಿಗ್‌ನ ಪಾರ್ಕೊಂದರಲ್ಲಿ, ಊರಿನಿಂದ ನಮ್ಮನ್ನು ನೋಡಲು ಬಂದಿರುವ ನಮ್ಮವ್ವ ಸೆರಗನ್ನೇ ಉಡಿ ಮಾಡಿಕೊಂಡು, ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ನಾನು ಐಸ್‌ಕ್ರೀಮ್ ತರಲು ಹೋಗಿದ್ದೆ. ಬಂದು ನೋಡಿದರೆ ಉಡಿ ಅರ್ಧ ತುಂಬಿತ್ತು! ಐದು ವರ್ಷದ ನಿಧಿ, ಮೂರು ವರ್ಷದ ಚಿನ್ನು, ನನ್ನ ಮಕ್ಕಳಿಬ್ಬರೂ ಅಜ್ಜಿಯ ಅಕ್ಕಪಕ್ಕ ಕುಳಿತು ಎಲೆ ಕೀಳುತ್ತಿದ್ದರು.

ಐಸ್‌ಕ್ರೀಮ್ ಹಿಡಿದುಕೊಂಡೇ ಓಡಿದೆ.

ನಾನು ನರ್ಸ್ ಆಗಿ ಈ ಊರಿಗೆ ಬಂದು ಎರಡು ವರ್ಷ. ರಜೆ ಸಿಕ್ಕರೆ ಮಕ್ಕಳ ಜೊತೆ ಹೊಸ ಪಾರ್ಕ್ ಹುಡುಕುವುದೇ ನಮ್ಮ ಹುಚ್ಚು. ಜಾರುಬಂಡೆಯದ್ದು, ನೀರಾಟದ್ದು, ಮೇಕೆ ಸಾಕಿದ್ದು, ಇನ್ನೂ ಮುಗಿದಿಲ್ಲ. ಆದರೆ ಗೇಟ್ ದಾಟುತ್ತಲೇ ನನ್ನ ಮಂತ್ರ ಶುರು: ಮುಟ್ಟಬೇಡ, ಕೀಳಬೇಡ, ಕೂಗಬೇಡ. (ಯಾರಾದರೂ ಏನಾದರೂ ಅಂದುಬಿಟ್ಟರೆ? ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ನಾನು.)

"ಅವ್ವಾ, ಏನ ಮಾಡಾಕತ್ತೀ? ಯಾರರ ನೋಡಿದರ ದಂಡ ಹಾಕತಾರ!"

"ಲೇ, ಹಕ್ಕರಕಿ ಇದು! ಅಲ್ಲಂದರ ಅದರ ತಂಗಿ. ನೋಡಿಲ್ಲೆ, ಮುರದರ ಹಾಲ ಬರತೈತಿ. ನಮ್ಮ ಡಂಬಳದಾಗ ಇದಕ್ಕ ಹೊಲ ಹೊಲ ತಿರಗಬೇಕು. ಇಲ್ಲಿ ಕಾಲ ಬುಡಕ್ಕ ಐತಿ!"

ನಿಜ ಹೇಳಲೇ? ಈ ಹಳದಿ ಹೂವಿನ ಕಳೆಯನ್ನು ಬಂದ ವರ್ಷವೇ ಗುರುತು ಹಿಡಿದಿದ್ದೆ. ಗದಗ ಮಾರ್ಕೆಟ್ಟಿನಲ್ಲಿ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪಿನ ಸೂಡಿಗೆ ಚೌಕಾಸಿ ಮಾಡಿ ಬೆಳೆದವಳು, ನನಗೆ ಗೊತ್ತಾಗದೇ? ಬಾಯಲ್ಲಿ ನೀರೂ ಬಂದಿತ್ತು. ಆದರೆ ನಾಲ್ಕು ಜನರ ಮುಂದೆ ಬಗ್ಗಿ ಕೀಳಲು ನಾಚಿಕೆ.

ಅಷ್ಟರಲ್ಲಿ ಪಾರ್ಕಿನ ತೋಟಗಾರ್ತಿ ನಮ್ಮ ಕಡೆಗೇ ಬಂದಳು. ಕೈಯಲ್ಲಿ ಸಲಿಕೆ. ಮುಗಿಯಿತು ಕಥೆ! ನಾನು ಹರಕುಮುರುಕು ಜರ್ಮನ್‌ನಲ್ಲಿ ಕ್ಷಮೆ ಕೇಳಲು ಶುರು ಮಾಡಿದೆ. ಅವ್ವ ಕುಳಿತಲ್ಲಿಂದಲೇ ಒಂದು ಎಳೆ ಎಲೆ ಚಾಚಿದಳು.

"ಬರ್ರೀ ಬಾಯಾರ, ಕುಂಡ್ರಿ. ತಿಂದ ನೋಡ್ರಿ."

ಆಕೆ ತಿಂದೇಬಿಟ್ಟಳು! ಕಹಿಗೆ ಮುಖ ಕಿವುಚಿ ಜೋರಾಗಿ ನಕ್ಕಳು. ಮಕ್ಕಳು ಆಡುವ ಈ ಬೇಲಿಯೊಳಗೆ ನಾಯಿಗಳನ್ನು ಬಿಡುವುದಿಲ್ಲವಂತೆ, ಔಷಧಿಯನ್ನೂ ಹೊಡೆಯುವುದಿಲ್ಲವಂತೆ. ವಾರಕ್ಕೊಮ್ಮೆ ತಾನೇ ಇದನ್ನು ಕಿತ್ತೆಸೆಯುತ್ತಾಳಂತೆ, ಎಷ್ಟು ಬೇಕಾದರೂ ಒಯ್ಯಬಹುದಂತೆ. ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ತಿನ್ನೂದನ್ನ ಕಿತ್ತ ಒಗೀತಾರ? ಎಂಥಾ ಮಂದಿಯವ್ವಾ!" ಎಂದು ಅವ್ವ ಸಿಟ್ಟಾದಳು. ಆಮೇಲೆ ಇಬ್ಬರೂ ಕೂಡಿಯೇ ಕಿತ್ತರು. ಒಬ್ಬಳದು ಜರ್ಮನ್, ಒಬ್ಬಳದು ಡಂಬಳದ ಕನ್ನಡ. ಮಾತೇನೂ ನಿಲ್ಲಲಿಲ್ಲ. ಮಕ್ಕಳಂತೂ ಮಂಡಿಯವರೆಗೆ ಮಣ್ಣು ಮಾಡಿಕೊಂಡು ಕುಣಿದವು. ನನಗೆ ಎಷ್ಟು ಖುಷಿಯಾಯಿತೆಂದರೆ ಐಸ್‌ಕ್ರೀಮ್ ಕರಗಿದ್ದೂ ತಿಳಿಯಲಿಲ್ಲ.

ಸಂಜೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ತೊಳೆದ ಹಸಿ ಎಲೆ. ಚಿನ್ನು ಒಂದೇ ಸಲಕ್ಕೆ ಉಗುಳಿದ. ಉಪ್ಪಿಟ್ಟಿನ ಕೊತ್ತಂಬರಿಯನ್ನೂ ಆರಿಸಿ ತೆಗೆಯುವ ನಿಧಿ ಮಾತ್ರ, ತಾನು ಕಿತ್ತದ್ದೆಂದು, ಮೂರು ಎಲೆ ತಿಂದಳು. ತಿನ್ನುತ್ತಲೇ ನನ್ನ ಕಡೆ ತಿರುಗಿದಳು.

"ಮಮ್ಮಿ, ನಿನಗ ಇದು ಮೊದಲ ಗೊತ್ತಿತ್ತೇನ?"

"ಹೂಂ, ಗೊತ್ತಿತ್ತು."

"ಮತ್ತ ನಮಗ್ಯಾಕ ತೋರಸಲಿಲ್ಲ?"