ಹೊಲದಲ್ಲಿ ಮಂದೆ ಮಲಗಿಸಿದ ಬುರುಲ್ಚಾ

ಬುರುಲ್ಚಾಳ ಹೊಲ ಹಳ್ಳದ ದಂಡೆಯಲ್ಲೇ ಇತ್ತು. ನೀರಿಗೆ ಕೊರತೆಯಿರಲಿಲ್ಲ. ಆದರೂ ಅಲ್ಲಿ ಬಾರ್ಲಿ ಮೊಣಕಾಲೆತ್ತರಕ್ಕೂ ಬರುತ್ತಿರಲಿಲ್ಲ. ಗಂಡ ಕುಬಾತ್ ನಾರಿನ್ ಪಟ್ಟಣಕ್ಕೆ ಲಾರಿ ಓಡಿಸುತ್ತಿದ್ದ. ಹೊಲ, ಹಸು, ಅತ್ತೆ ಮೂರೂ ಇವಳ ಪಾಲಿಗೆ.

ಒಂದು ಬೇಸಿಗೆ ಅವಳು ಯೂರಿಯಾ ತಂದು ಕೈಬಿಚ್ಚಿ ಎರಚಿದಳು. ಪೈರು ನೋಡನೋಡುತ್ತ ಕಡುಹಸಿರಾಯಿತು. ನೆರೆಮನೆಯ ನಮಗೆಲ್ಲ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಬಿಸಿಗಾಳಿ ಬೀಸಿತು. ಹಳ್ಳದಿಂದ ನೀರು ಬಿಟ್ಟರೆ ಅದು ಗಟ್ಟಿ ನೆಲದ ಮೇಲೆ ಹರಿದುಹೋಯಿತೇ ಹೊರತು ಒಳಗಿಳಿಯಲಿಲ್ಲ. ಪೈರು ತುದಿಯಿಂದ ಬುಡದವರೆಗೆ ಸುಟ್ಟುಹೋಯಿತು.

ಅವಳು ಒಂದು ಚೀಲ ಮಣ್ಣು ತುಂಬಿಕೊಂಡು ಪಟ್ಟಣದ ಕೃಷಿ ಸಲಹೆಗಾರ್ತಿ ಜಿಪಾರ್ ಹತ್ತಿರ ಹೋದಳು. ಜಿಪಾರ್ ಒಂದು ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಬಿಟ್ಟಳು. ಅದು ಕರಗಿ ನೀರೆಲ್ಲ ಬಗ್ಗಡವಾಯಿತು.

"ನೋಡಿದ್ರಾ ಎಜೆ?" ಎಂದಳು; ನಮ್ಮಲ್ಲಿ ಅಕ್ಕನಿಗೆ ಎಜೆ ಎನ್ನುತ್ತೇವೆ. "ಕಸುವಿರೋ ಮಣ್ಣಾದ್ರೆ ಹೆಂಟೆ ಹಂಗೇ ನಿಲ್ಲುತ್ತೆ. ಯೂರಿಯಾ ಪೈರಿಗೆ ಊಟ, ಮಣ್ಣಿಗಲ್ಲ. ಮಣ್ಣಿಗೆ ಹಿಕ್ಕೆ, ಸಗಣಿ ಬೇಕು. ಆಮೇಲೆ ಕೆಲವು ವರ್ಷ ಬಾರ್ಲಿ ಬಿಟ್ಟು ಎಸ್ಪಾರ್ಸೆಟ್ ಹಾಕಿ. ಅದರ ಬೇರು ಆಳಕ್ಕಿಳಿದು ನೆಲ ಸಡಿಲ ಮಾಡುತ್ತೆ, ದನಕ್ಕೆ ಮೇವೂ ಆಯ್ತು. ಗೊಬ್ಬರ ಮನೇಲಿ ಇದೆ ತಾನೆ?"

"ಇದೆ," ಎಂದಳು ಬುರುಲ್ಚಾ. "ನಮ್ಮತ್ತೆ ಕೈಯಲ್ಲಿದೆ."

ಅತ್ತೆ ಸೆಯಿಲ್ಕಾನ್ ಕೊಟ್ಟಿಗೆಯ ನೆಲದಲ್ಲಿ ಗಟ್ಟಿಯಾದ ಹಿಕ್ಕೆಯನ್ನು ಹಲಗೆ ಹಲಗೆಯಾಗಿ ಕಡಿಸಿ, ಬಿಸಿಲಿಗೆ ಒಣಗಿಸಿ, ಗೋಡೆಗೆ ಒಟ್ಟಿಸುತ್ತಿದ್ದರು. ನಮ್ಮಲ್ಲಿ ಚಳಿಗಾಲಕ್ಕೆ ಅದೇ ಸೌದೆ. ಸೊಸೆ ವಿಷಯ ತೆಗೆದಾಗ ಮುದುಕಿ ತಲೆಯನ್ನೂ ಎತ್ತಲಿಲ್ಲ.

"ಹಿಕ್ಕೇನ ಮಣ್ಣಿಗೆ ಹಾಕು. ಹಿಮ ಬಿದ್ದಾಗ ಮಣ್ಣನ್ನ ಒಲೆಗೆ ಹಾಕು. ಸರಿಹೋಯ್ತು."

ಬುರುಲ್ಚಾಳಿಗೂ ಹಟವಿತ್ತು. ಅತ್ತೆ ಪಕ್ಕದೂರಿಗೆ ಮದುವೆಗೆ ಹೋದ ದಿನ ಕತ್ತೆಗಾಡಿ ಕಟ್ಟಿ, ಒಟ್ಟಿಲಿನ ಅರ್ಧದಷ್ಟನ್ನು ಹೊಲಕ್ಕೆ ಸಾಗಿಸಿಬಿಟ್ಟಳು. ಮುದುಕಿ ವಾಪಸು ಬಂದು ಅರ್ಧ ಖಾಲಿಯಾದ ಗೋಡೆಯನ್ನು ನೋಡಿದರು. ಬಯ್ಯುತ್ತಾರೆಂದು ನಾವು ಬೇಲಿಯ ಆಚೆ ಕಿವಿಗೊಟ್ಟು ನಿಂತಿದ್ದೆವು. ಬಯ್ಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಿಂಗೆ ಗೊತ್ತಿಲ್ಲ ಕಣೇ," ಅಂದರು. "ಕುಬಾತ್‌ಗಿಂತ ಮೊದಲು ನಂಗೊಬ್ಬಳು ಮಗಳಿದ್ದಳು. ಹಿಮಕ್ಕೆ ದಾರಿ ಮುಚ್ಚಿ ಹೋಯ್ತು, ಸೌದೆ ಮುಗೀತು. ಮಂಚ ಒಡೆದು ಸುಟ್ವಿ, ಬಾಗಿಲೂ ಸುಟ್ವಿ. ಮಗೂಗೆ ಎದೆ ಕಟ್ಟಿತ್ತು. ವಸಂತದವರೆಗೆ ಉಳೀಲಿಲ್ಲ."

ಬುರುಲ್ಚಾ ಆ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು. ಈ ಮಾತು ಯಾರೂ ಹೇಳಿರಲಿಲ್ಲ. ಅವಳು ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ಪುಡಿ ಮಾಡಿ ಹರಡಿದ್ದು ಹೋಯಿತು, ಉಳಿದ ಹಲಗೆಗಳನ್ನೆಲ್ಲ ಕೈಯಿಂದ ಆರಿಸಿ ತಂದು ಮತ್ತೆ ಗೋಡೆಗೆ ಒಟ್ಟಿದಳು. ಮುದುಕಿ ಕಿಟಕಿಯಿಂದ ನೋಡುತ್ತಿದ್ದರು. ಅಂದಿನಿಂದ ಇಬ್ಬರ ನಡುವೆ ಚಹಾ ಬೇಕಾ, ಬೇಡವಾ ಎನ್ನುವಷ್ಟೇ ಮಾತು.

ಹಿಮ ಬೀಳುವ ಮುಂಚೆ ಮಂದೆಗಳು ಬೆಟ್ಟದಿಂದ ಕೆಳಗಿಳಿಯುತ್ತವೆ. ತಮ್ಮ ಮನೆಯ ಕುರಿಗಳನ್ನು ನೋಡಿಬರಲು ಅವಳು ಊರಿನ ಕುರಿಗಾಹಿ ಜುಮಾದಿಲ್ ಬೀಡುಬಿಟ್ಟಿದ್ದ ಕೆಳಗಿನ ಹುಲ್ಲುಗಾವಲಿಗೆ ಹೋದಳು. ಸುತ್ತಲೂ ಹುಲ್ಲು ಬೋಳಾಗಿ ಹಳದಿ ತಿರುಗಿತ್ತು. ನಡುವೆ ಒಂದು ಕಡೆ ಮಾತ್ರ, ಹಾಸಿಗೆ ಹಾಸಿದ ಹಾಗೆ, ಕಡುಹಸಿರು.

"ಇಲ್ಲೇನು ಹಾಕಿದ್ಯೋ?"

"ನಾನೇನು ಹಾಕ್ಲಿ ಎಜೆ! ಹೋದ ವರ್ಷ ಇಲ್ಲೇ ದೊಡ್ಡಿ ಕಟ್ಟಿದ್ದು. ಹಾಕಿದ್ದೆಲ್ಲ ಕುರಿಗಳೇ."

ಬುರುಲ್ಚಾ ಬಗ್ಗಿ ಮಣ್ಣು ಕೆದಕಿದಳು. ಮೆತ್ತಗೆ, ಕಪ್ಪಗೆ, ಒಳಗೆ ಎರೆಹುಳು. ಎದ್ದು ನಿಂತವಳೇ ಕೇಳಿದಳು: "ಹಿಮ ಬೀಳೋವರೆಗೂ ನಿನ್ನ ಮಂದೆ ನನ್ನ ಹೊಲದಲ್ಲಿ ಮಲಗಲಿ."

"ಕುರಿ ಅಲ್ಲಿ ಮಲಗಿದ್ರೆ ನಾನೆಲ್ಲಿ ಮಲಗ್ಲಿ? ಈ ಕಡೆ ಗಾಳಿಗೆ ಮರೆ ಇದೆ. ನಿಮ್ಮ ಹೊಲದಲ್ಲಿ ಹಲ್ಲೂ ಉದುರಿಹೋಗುತ್ತೆ."

"ಬಿಸಿಬಿಸಿ ಊಟ ತಂದುಕೊಡ್ತೀನಿ."

"ಊಟ ನನ್ನ ಹೆಂಡ್ತೀನೂ ಹಾಕ್ತಾಳೆ," ಎಂದು ಜುಮಾದಿಲ್ ಮೀಸೆ ತಿರುವಿದ. "ನಿಮ್ಮತ್ತೆ ಕೈಯ ಬೋಜೋ ಕುಡಿಸಿದ್ರೆ ನೋಡೋಣ. ಬರಗು ಹುಳಿಸೋದ್ರಲ್ಲಿ ಆ ಅಜ್ಜೀನ ಮೀರಿಸೋರು ಈ ಕಣಿವೇಲಿ ಹುಟ್ಟಿಲ್ಲ."

ಮಂದೆ ಬೇಕೆಂದರೆ ಅತ್ತೆಯ ಹತ್ತಿರ ಬಾಯಿ ಬಿಡಲೇಬೇಕು. ಬುರುಲ್ಚಾ ಮನೆಗೆ ಬಂದು, ಹಿಟ್ಟು ನಾದುತ್ತ, ಮುಖ ನೋಡದೆಯೇ, ಅಮ್ಮಾ ಎಂದು ಕರೆದು ಹೇಳಿದಳು:

"ಅಪಾ, ಒಟ್ಟಿಲು ಮುಟ್ಟಲ್ಲ. ಒಂದು ಹಲಗೇನೂ ಮುಟ್ಟಲ್ಲ. ಕೊಟ್ಟಿಗೇದು ಒಲೆಗೇ ಇರಲಿ. ಮಂದೆ ಹೊಲದಲ್ಲಿ ಮಲಗಿದ್ರೆ ಸಾಕು. ನೀವು ಬೋಜೋ ಮಾಡಿಕೊಟ್ರೆ ಜುಮಾದಿಲ್ ಒಪ್ತಾನಂತೆ."

ಮುದುಕಿ ಒಲೆಗೆ ಒಂದು ಹಲಗೆ ಹಾಕಿದರು.

"ಅವನಾ? ಅವನಪ್ಪನೂ ಹಂಗೇ, ಬಟ್ಟಲು ಕೆಳಗಿಡ್ತಿರಲಿಲ್ಲ," ಎಂದು ಎದ್ದರು. "ಬರಗು ಮೇಲಿನ ಗೂಡಿನಲ್ಲಿದೆ, ಇಳಿಸು. ದೊಡ್ಡ ಪಾತ್ರೆ ತೊಳಿ. ನಿಂತೇ ಇದ್ದೀಯಲ್ಲ!"

ಮಂದೆ ಬಂತು. ಬುರುಲ್ಚಾ ಮರದ ತಡಿಕೆಗಳಿಂದ ದೊಡ್ಡಿ ಕಟ್ಟಿ, ಅದನ್ನು ದಿನವೂ ಹೊಸ ಮಗ್ಗುಲಿಗೆ ಸರಿಸುತ್ತ ಹೋದಳು; ಒಂದೇ ಕಡೆ ಹೆಚ್ಚಾದರೆ ಅದೂ ನೆಲವನ್ನು ಸುಡುತ್ತದೆಂದು ಜಿಪಾರ್ ಎಚ್ಚರಿಸಿದ್ದಳು. ಬೆಳಗ್ಗೆ ಕುರಿಗಳೆದ್ದು ಹೋದಮೇಲೆ ನೆಲದಿಂದ ಹಬೆ ಏಳುತ್ತಿತ್ತು. ನೆಲ ಹೆಪ್ಪುಗಟ್ಟುವ ಮುಂಚೆ ಉತ್ತು ಎಲ್ಲವನ್ನೂ ಒಳಗೆ ಮಗುಚಿದಳು. ವಸಂತದಲ್ಲಿ, ಎಳೆ ಸಸಿಗೆ ಮರೆಯಾಗಲೆಂದು ಆ ಒಂದು ಸಲ ಮಾತ್ರ, ಬಾರ್ಲಿಯ ಜೊತೆಗೇ ಎಸ್ಪಾರ್ಸೆಟ್ ಬಿತ್ತಿದಳು.

ಮೊದಲ ಬೇಸಿಗೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಬಾರ್ಲಿ ಸ್ವಲ್ಪ ಎದ್ದಿತು, ಅದರಡಿಯಲ್ಲಿ ಎಸ್ಪಾರ್ಸೆಟ್ ಬಡಕಲಾಗಿ ಕೂತಿತ್ತು. "ಕುರಿ ಮಲಗಿದ್ದೇ ಬಂತು," ಎಂದು ನಾವು ಹಂಗಿಸಿದೆವು. ಮರುವರ್ಷ ಅದೇ ಹೊಲದಲ್ಲಿ ಎಸ್ಪಾರ್ಸೆಟ್ ಸೊಂಟದೆತ್ತರ ಬೆಳೆದು, ಈ ತುದಿಯಿಂದ ಆ ತುದಿಗೆ ಗುಲಾಬಿ ಬಣ್ಣದ ಹೂವಾಗಿ, ಜೇನುಹುಳುಗಳ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಹಳ್ಳದ ನೀರು ಬಿಟ್ಟರೆ ನೆಲ ಗಟಗಟ ಕುಡಿಯಿತು. ಸೆಯಿಲ್ಕಾನ್ ಕೋಲೂರಿಕೊಂಡು ಬಂದು ಹೂವಿನ ನಡುವೆ ನಿಂತರು. ಸೊಸೆಯನ್ನು ಹೊಗಳಲಿಲ್ಲ. ಅವಳ ತಲೆವಸ್ತ್ರಕ್ಕೆ ಅಂಟಿದ್ದ ಎಲೆ ತೆಗೆದು, ವಸ್ತ್ರ ಸರಿಪಡಿಸಿದರು.

ಈಗ ಮಂದೆ ಇಳಿಯುವ ಕಾಲಕ್ಕೆ ಜುಮಾದಿಲ್‌ನನ್ನು ಕರೆಯಲು ಊರಿನ ಅರ್ಧ ಮನೆಗಳು ಪೈಪೋಟಿ ನಡೆಸುತ್ತವೆ. ಅವನಿಗೆ ಎಲ್ಲಿಲ್ಲದ ಬಿಗುಮಾನ ಬಂದಿದೆ.

ಈ ವರ್ಷ ಬುರುಲ್ಚಾಳನ್ನು ಹುಲ್ಲುಗಾವಲು ಸಮಿತಿಗೆ ಆರಿಸಿದ್ದಾರೆ. ಊರ ಹಿಂದಿನ ಇಳಿಜಾರಿಗೆ ಒಂದು ವಸಂತ ಯಾರೂ ದನಕುರಿ ಬಿಡಬಾರದು, ಹುಲ್ಲು ಬೀಜ ಉದುರಿಸಲಿ ಎನ್ನುವುದು ಅವಳ ಬೇಡಿಕೆ. ಕೆಲವರು ಒಪ್ಪಿದ್ದಾರೆ. ಒಪ್ಪದವರ ಮನೆಗಳಿಗೆ ಅವಳೇ ಚಹಾಕ್ಕೆ ಹೋಗುತ್ತಿದ್ದಾಳೆ. ನಿನ್ನೆ ನಮ್ಮ ಮನೆಗೂ ಬಂದಿದ್ದಳು; ನಮ್ಮ ಕರುಗಳನ್ನು ಬೇರೆ ಕಡೆ ಮೇಯಿಸಲು ನಾವೂ ಒಪ್ಪಿಬಿಟ್ಟೆವು.