ಸರೋಜಮ್ಮ ಟೀಚರ್ ನೋಡುತ್ತಿದ್ದ ಒಪೆರಾ

ಸರೋಜಮ್ಮ ಟೀಚರ್ ಬೈಯುತ್ತಿದ್ದುದೂ ಪಿಸುಮಾತಿನಲ್ಲೇ. ಹಾಲಿನವನು ತಡಮಾಡಿದರೆ ಗೇಟಿನವರೆಗೆ ನಡೆದುಹೋಗಿ, ಅವನ ಕಿವಿಯ ಹತ್ತಿರ ಬಾಗಿ ಬೈದು ಬರುತ್ತಿದ್ದರು. ದೂರದಿಂದ ನೋಡಿದವರಿಗೆ ಏನೋ ಗುಟ್ಟು ಹೇಳುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಸಂಗೀತದ ಟೀಚರ್, ನಾನು ಗಣಿತದವಳು. ಪ್ರಾರ್ಥನೆಗೆ ಅವರು ದನಿ ಎತ್ತಿದರೆ ಮೈಕು ಬೇಕಿರಲಿಲ್ಲ. ಮದುವೆಯಾಗಲಿಲ್ಲ, ಹಾಡು ಒಂದಿದ್ದರೆ ಸಾಕು ಅನ್ನುವಂತೆ ಇದ್ದರು. ಆಮೇಲೆ ಥೈರಾಯ್ಡಿನಲ್ಲಿ ಗಡ್ಡೆ ಬೆಳೆಯಿತು. ಅದು ದನಿಯ ನರವನ್ನೇ ಸುತ್ತಿಕೊಂಡಿತ್ತು. ಜೀವ ಉಳಿಯಬೇಕಾದರೆ ನರ ಕತ್ತರಿಸಬೇಕು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆಪರೇಷನ್ನಿನ ಹಿಂದಿನ ಸಂಜೆ ಟೀಚರ್ ಆಸ್ಪತ್ರೆಯ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಹಾಡಿದರು. ಹೊರಗೆ ಟವೆಲ್ ಹಿಡಿದು ನಿಂತಿದ್ದ ನನಗೆ ನೀರಿನ ಸದ್ದಿನ ನಡುವೆ ತುಂಡುತುಂಡಾಗಿ ಕೇಳಿಸಿತು. ಅವರ ಹಾಡು ನಾನು ಕೇಳಿದ್ದು ಅದೇ ಕೊನೆ. ಆಮೇಲೆ ಉಳಿದದ್ದು ಪಿಸುಮಾತು.

ಮರುವರ್ಷ ಅವರ ಶಿಷ್ಯೆಯೊಬ್ಬಳ ಸಂಗೀತ ಕಚೇರಿ ಕೋಲಾರದಲ್ಲಿತ್ತು. ಹಟಮಾಡಿ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಎರಡನೆಯ ಕೀರ್ತನೆ ಶುರುವಾಯಿತು. ನೋಡುತ್ತಿದ್ದಂತೆ ಟೀಚರ ಗಂಟಲು ಏರಿಳಿಯತೊಡಗಿತು. ಕತ್ತಿನ ಹೊಲಿಗೆಯ ಗೆರೆಯೂ ಅದರೊಟ್ಟಿಗೇ ಅಲುಗುತ್ತಿತ್ತು. ಉಸಿರು ಸಿಕ್ಕಿ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ನಡೆದರು. ವೇದಿಕೆಯ ಮೇಲಿದ್ದ ಹುಡುಗಿ ಅರ್ಧಕ್ಕೇ ನಿಲ್ಲಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಡೆ ಬಾಗಿ ಹೇಳಿದರು: "ಗೊತ್ತಿರೋ ಹಾಡು ಕೇಳ್ಬಾರ್ದು ಕಣೇ ಗಿರಿಜಾ. ನಾನು ಬೇಡ ಅಂದ್ರೂ ಗಂಟಲು ತಾನಾಗೇ ಹೊರಡುತ್ತೆ."

ಆ ವಾರವೇ ತಂಬೂರಿಯನ್ನು ಆ ಹುಡುಗಿಗೆ ಕೊಟ್ಟುಬಿಟ್ಟರು. ಮನೆಯಲ್ಲಿ ರೇಡಿಯೊ ಕೂಡ ಹಾಕುತ್ತಿರಲಿಲ್ಲ. ಇವರು ಹೀಗೆಯೇ ಒಣಗಿಹೋಗುತ್ತಾರೆ ಎಂದು ನಾನು ಹೆದರಿದ್ದೆ.

ಒಪೆರಾ ಅವರಿಗೆ ಸಿಕ್ಕಿದ್ದು ಟಿವಿಯಲ್ಲಿ ಬೇರೇನನ್ನೋ ಹುಡುಕುವಾಗ. ಇಡೀ ಕಥೆಯನ್ನು ಹಾಡಿನಲ್ಲೇ ಆಡುವ ಯೂರೋಪಿನ ನಾಟಕ ಅದು. ಯಾವುದೋ ದೊಡ್ಡ ರಂಗಮಂದಿರದಲ್ಲಿ ವಿಡಿಯೊ ಮಾಡಿದ್ದು. ಅರ್ಥ ಇಂಗ್ಲಿಷಿನಲ್ಲಿ ಕೆಳಗೆ ಬರುತ್ತಿತ್ತು. ಭಾನುವಾರ ನಾನು ಅವರ ಮನೆಗೆ ಹೋಗಿ, ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ. ನನಗೆ ಮೊದಮೊದಲು ಬರೀ ಕಿರುಚಾಟ ಅನ್ನಿಸುತ್ತಿತ್ತು.

"ಈ ಹಾಡು ನನ್ನ ಗಂಟಲಿಗೆ ಗೊತ್ತಿಲ್ಲ. ಅದಕ್ಕೇ ಸುಮ್ನಿರುತ್ತೆ," ಅಂದರು. ಕತ್ತಿನ ಮೇಲೆ ಕೈ ಇಟ್ಟುಕೊಂಡೇ ನೋಡುತ್ತಿದ್ದರು.

ಒಮ್ಮೆ ಬೆಂಗಳೂರಿಗೆ ಒಪೆರಾದವರು ಬಂದರು. ನಿಜವಾದದ್ದನ್ನೇ ನೋಡಲಿ ಎಂದು ನಾನೇ ಕರೆದುಕೊಂಡು ಹೋದೆ. ಬಾಲ್ಕನಿಯ ಕೊನೆಯ ಸಾಲು ಸಿಕ್ಕಿತು. ಅಲ್ಲಿಂದ ಹಾಡುವವರು ಬೆರಳಷ್ಟೇ ಕಾಣುತ್ತಿದ್ದರು.

"ಹೇಗಿತ್ತು ಟೀಚರ್?" ಅಂತ ಹೊರಗೆ ಬಂದಮೇಲೆ ಕೇಳಿದೆ.

"ದನಿ ಬಂತು, ಮನುಷ್ಯರು ಬರ್ಲಿಲ್ಲ," ಅಂದರು. "ಮನೇಲಾದ್ರೆ ಅವಳು ಉಸಿರು ತಗೊಳ್ಳೋದು ಕಾಣುತ್ತೆ. ಕತ್ತಿನ ನರ ಉಬ್ಬೋದು, ಹಣೆ ಬೆವರು, ಎಲ್ಲಾ ಕಾಣುತ್ತೆ. ತಡಿಯೋಕಾಗ್ದಿದ್ರೆ ನಿಲ್ಲಿಸಿ, ಒಳಗೆ ಹೋಗಿ ಅತ್ತು ಬರಬಹುದು. ಕಚೇರೀಲಿ ಎದ್ದು ಹೋದ್ರೆ ಹಾಡೋರಿಗೆ ಅವಮಾನ. ಟಿವಿಯೋರಿಗೆ ನಾನು ಎದ್ದಿದ್ದು ಗೊತ್ತಾಗುತ್ತಾ?"

ಅವರು ಹಾಗೆ ಒಳಗೆ ಹೋಗಿ ಅಳುತ್ತಿದ್ದರು ಎಂದು ನನಗೆ ತಿಳಿದದ್ದೇ ಆಗ.

ಗಡ್ಡೆ ಮತ್ತೆ ಬಂತು. ಈ ಸಲ ಶ್ವಾಸಕೋಶದಲ್ಲಿ. ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಪಿಸುಮಾತಿಗೂ ದಮ್ಮು ಸಾಲುತ್ತಿರಲಿಲ್ಲ. ದಿನಾ ಶಾಲೆ ಮುಗಿಸಿ ಹೋಗಿ, ನನ್ನ ಫೋನಿನಲ್ಲಿ ಒಪೆರಾ ಹಾಕಿಕೊಡುತ್ತಿದ್ದೆ. ಪಕ್ಕದ ಮಂಚದಲ್ಲಿ ರಾಯಲ್ಪಾಡಿನ ಲಕ್ಷ್ಮಮ್ಮ ಅನ್ನುವ ಮುದುಕಿ ಇದ್ದಳು. "ಏಂ ಚೂಸ್ತುನ್ನಾವಮ್ಮಾ?" ಅಂತ ತೆಲುಗಿನಲ್ಲಿ ಕೇಳಿದಳು, ಏನು ನೋಡುತ್ತಿದ್ದೀಯ ಎಂದು. ಟೀಚರ್ ಫೋನನ್ನು ಅವಳ ಕಡೆಗೂ ತಿರುಗಿಸಿದರು. ಕ್ಷಯ ಹಿಡಿದ ಒಬ್ಬ ಹುಡುಗಿಯ ಕಥೆ. ನಾಲ್ಕು ಮಾತು ಹೇಳಿ ದಮ್ಮು ಎಳೆದುಕೊಂಡು, ಮತ್ತೆ ನಾಲ್ಕು ಮಾತು ಹೇಳಿ, ತೆಲುಗಿನಲ್ಲೇ ವಿವರಿಸುತ್ತಿದ್ದರು. ಸಾಕು ಎಂದು ನಾನು ತಡೆಯಹೋದರೆ ಕೈ ಬೀಸಿ ಸುಮ್ಮನಿರಿಸಿದರು. ಭೇಟಿಯ ಸಮಯ ಮುಗಿಯಿತೆಂದು ನರ್ಸ್ ಬಂದಾಗ ಕಥೆ ಇನ್ನೂ ಉಳಿದಿತ್ತು.

"ಮಿಕ್ಕಿದ್ದು ನಾಳೆ," ಅಂದರು ಲಕ್ಷ್ಮಮ್ಮನಿಗೆ.

ಬೆಳಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಅವರನ್ನು ಕೆಳಗಿನ ಶವಾಗಾರಕ್ಕೆ ಸಾಗಿಸಿದ್ದರು. ಮಂಚಕ್ಕೆ ಬೇರೆ ಹಾಸು ಹಾಕಿದ್ದರು. ಅವರ ಲೋಟ, ಕನ್ನಡಕ, ಶಾಲು ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ. ನಾನು ಹೊರಡುವಾಗ ಲಕ್ಷ್ಮಮ್ಮ ನನ್ನ ಸೆರಗು ಹಿಡಿದು, ತನಗೆ ಬರುವ ಕನ್ನಡದಲ್ಲಿ ಕೇಳಿದಳು:

"ಆ ಹುಡುಗಿ ಕತೆ ಏನಾಯ್ತಮ್ಮಾ? ಆಯಮ್ಮ ಪೂರಾ ಹೇಳ್ಲೇ ಇಲ್ಲ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸತ್ತುಹೋದ್ಲು," ಅಂದೆ.

"ಹಾಡ್ಕೊಂತಾನೇನಾ?"

"ಹಾಡ್ಕೊಂಡೇ."

ಲಕ್ಷ್ಮಮ್ಮ ಸೆರಗು ಬಿಟ್ಟು, ಗೋಡೆಯ ಕಡೆ ಹೊರಳಿ ಮಲಗಿದಳು.