ಬೂಟು ಪರೀಕ್ಷೆಗೆ ಹತ್ತಿದ ಬೆಟ್ಟ

ಚಪ್ಪಲಿ ಅಂಗಡಿಯಲ್ಲಿ ಮನುಷ್ಯ ನಡೆಯುವ ರೀತಿಯೇ ಬೇರೆ, ನೀವೂ ಗಮನಿಸಿರುತ್ತೀರಿ. ಹೊಸ ಜೋಡು ಮೆಟ್ಟಿದೊಡನೆ ಎಂಥ ಗಂಭೀರ ಗೃಹಸ್ಥನೂ ತಲೆ ತಗ್ಗಿಸಿ, ತನ್ನ ಪಾದಗಳು ಬೇರೆ ಯಾರದೋ ಎಂಬಂತೆ ನೋಡುತ್ತ, ಆ ಗೋಡೆಯಿಂದ ಈ ಗೋಡೆಗೆ ನಡೆದು ‘ಇರಲಿ’ ಎನ್ನುತ್ತಾನೆ. ನಾನು ಮಾತ್ರ ಸುಲಭಕ್ಕೆ ಇರಲಿ ಎಂದವನಲ್ಲ. ಬಚ್ಚಲಿನ ರಬ್ಬರ್ ಚಪ್ಪಲಿಯನ್ನೂ, ಜಾರಿ ಬಿದ್ದರೆ ಸೊಂಟದ ಯಾವ ಮೂಳೆ ಮೊದಲು ಮುರಿದೀತೆಂದು ಚಿಂತಿಸಿಯೇ ಕೊಳ್ಳುವವನು.

ಇಂಥವನ ಕೈಗೆ ನಮ್ಮಕ್ಕ ಒಂದು ಪಾದರಕ್ಷಾ ಪ್ರಕರಣವನ್ನು ಒಪ್ಪಿಸಿದಳು. ಅವಳ ಮಗಳು ಚೈತ್ರ ಹೊಳೆನರಸೀಪುರದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಮಕ್ಕಳಿಗೆ ಖೋ ಖೋ ಆಡಿಸಿಕೊಂಡು ಸುಖವಾಗಿರಬಹುದಿತ್ತು. ಆದರೆ ರಜೆಗಳಲ್ಲಿ ಪ್ಯಾರಾಚೂಟ್ ಕಲಿತು, ಈಗ ವಿಮಾನದ ಹಂಗೂ ಬೇಡವೆಂದು, ಪರ್ವತದ ಕಡಿದಾದ ಅಂಚಿನಿಂದ ಓಡಿ ಧುಮುಕುವ ಬೇಸ್ ಜಂಪಿಂಗಿಗೆ ಇಳಿದಿದ್ದಾಳೆ. ಹೋದ ವರ್ಷ ನೆಲ ಮುಟ್ಟುವಾಗ ಬಲಪಾದದ ಹರಡಿನ ಕೀಲು ಹೊರಳಿ ಪ್ಲಾಸ್ಟರ್ ಹಾಕಿಸಿಕೊಂಡವಳು, ಮುಂದಿನ ತಿಂಗಳು ತಂಡದೊಡನೆ ಮತ್ತೆ ಹೊರದೇಶದ ಪರ್ವತಗಳಿಗೆ ಹೊರಟಿದ್ದಳು. “ನಿಮ್ಮಾವ ಬೂಟ್ ನೋಡಿ ಸೈ ಅಂದ್ರೆ ಓಗು, ಇಲ್ಲಾಂದ್ರೆ ಬ್ಯಾಡ” ಎಂದು ಅಕ್ಕ ತೀರ್ಪಿನ ಭಾರವನ್ನು ನನ್ನ ತಲೆಗೆ ದಾಟಿಸಿ ಹಗುರಾದಳು.

ಹಾಸನದ ಅಂಗಡಿಗಳನ್ನೆಲ್ಲ ಸುತ್ತಿ ನಾನು ಆರಿಸಿದ್ದು ಹೆಚ್ಚುಕಡಿಮೆ ಮೊಣಕಾಲು ಮುಟ್ಟುವ ಬೂಟು. ಅದರೊಳಗೆ ಹರಡು ಉಳುಕಬೇಕೆಂದರೂ ಜಾಗವಿರಲಿಲ್ಲ. ಚೈತ್ರ ಅದನ್ನು ತಿರುಗಿಸಿ ನೋಡಿ, “ಈ ಲೇಸ್ ಕೊಕ್ಕೆ ನೋಡಿ ಮಾವ. ಪ್ಯಾರಾಚೂಟ್ ಬಿಚ್ಕೊಳ್ಳೋವಾಗ ಹಗ್ಗ ಇದಕ್ಕೆ ಸಿಕ್ಕಾಕ್ಕೊಂಡ್ರೆ ಕಾಲು ಉಳೀತದೆ, ನಾನು ಉಳಿಯಲ್ಲ” ಎಂದಳು. ಅಟ್ಟೆ ಗಟ್ಟಿಯಾದರೆ ಓಡುವಾಗ ಬಂಡೆಯ ಅಂಚು ಪಾದಕ್ಕೆ ತಿಳಿಯುವುದಿಲ್ಲವಂತೆ. ಅವಳ ಆಯ್ಕೆ ಬಂಡೆಗೆ ಕಚ್ಚಿಕೊಳ್ಳುವ ರಬ್ಬರಿನ ಗಿಡ್ಡ ಶೂ, ಒಳಗೆ ಹರಡಿಗೆ ಬಿಗಿಯುವ ಪಟ್ಟಿ. ಎತ್ತರದ್ದಾದರೆ ಹಾರುವಾಗ ಭಯ, ಗಿಡ್ಡದ್ದಾದರೆ ಇಳಿಯುವಾಗ ಭಯ. ನನ್ನಂಥವನಿಗೆ ಇಷ್ಟು ಸಮೃದ್ಧವಾದ ವಿಷಯ ಹಿಂದೆಂದೂ ದೊರೆತಿರಲಿಲ್ಲ. ಅರಕಲಗೂಡಿನ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಕಣ್ಣು ವಿದ್ಯಾರ್ಥಿಗಳ ಕಾಲುಗಳತ್ತಲೇ ಹೋಗುತ್ತಿತ್ತು.

ಕೊನೆಗೆ, ಎರಡನ್ನೂ ಬಂಡೆಯ ಮೇಲೇ ಪರೀಕ್ಷಿಸಿಬಿಡೋಣ ಎಂದೆ. ಬಂಡೆ ಎಂದರೆ ನಮ್ಮ ಸೀಮೆಯವರಿಗೆ ಹೊಳೆಯುವುದು ಒಂದೇ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಶ್ರವಣಬೆಳಗೊಳದ ಬೆಟ್ಟದ ಬುಡಕ್ಕೆ ಬಂದೆವು. ಚೈತ್ರ ಎತ್ತರದ ಬೂಟಿನ ಲೇಸು ಬಿಗಿದು ಎದ್ದಳು. ಪಾದರಕ್ಷೆ ಕಾಯುವಾತ ಶಾಂತವಾಗಿ, “ಸಾ, ಅದ್ನ ಇಲ್ಲೇ ಬಿಟ್ಟು ಓಗ್ಬೇಕು” ಎಂದ. ಬುದ್ಧಿ ತಿಳಿದಾಗಿನಿಂದ ಬರಿಗಾಲಲ್ಲೇ ಹತ್ತಿದ ಬೆಟ್ಟಕ್ಕೆ ನಾನು ಬೂಟು ಪರೀಕ್ಷಿಸಲು ಬಂದಿದ್ದೆ.

“ಬೂಟ್ ನೋಡಾಕೆ ನಿಮಗೆ ಇದೇ ಬೆಟ್ಟ ಸಿಕ್ತಾ ಮಾವ” ಎಂದು ಅವಳು ಮೆಟ್ಟಿಲ ಮೇಲೇ ಕೂತು ನಕ್ಕಳು.

ಬಂದದ್ದಾಗಿದೆ, ಹತ್ತೋಣವೆಂದು, ಕಾದ ಬಂಡೆಗಾಗಿ ಅಲ್ಲೇ ಮಾರುವ ಕಾಲುಚೀಲ ಕೊಂಡೆವು. ಹತ್ತುವಾಗ ಅವಳು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಇಳಿಯುವಾಗ ನೋಡಿದೆ: ಅವಳು ಕಂಬಿ ಹಿಡಿದು, ಬಲಗಾಲನ್ನು ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಬಲಗಾಲು, ನಡೆ ಕಲಿಯುವ ಮಗುವಿನ ಹಾಗೆ. ಹೆದರುವುದೇ ಕಾಳಜಿ ಎಂದು ನಂಬಿದ್ದ ನಾನು ಇಷ್ಟು ದಿನ ಬೂಟುಗಳ ಬಗ್ಗೆ ಹೆದರಿದ್ದೆನೇ ಹೊರತು, ಆ ಕಾಲನ್ನು ನೋಡಿರಲೇ ಇಲ್ಲ.

“ನೋಯ್ತದೇನವ್ವ?”

“ಇಳಿಯೋವಾಗ ಒಂಚೂರು.” ಇನ್ನೊಂದು ಮೆಟ್ಟಿಲು ಇಳಿದು, “ಅಮ್ಮಂಗೆ ಏನಂತೀರ?” ಎಂದಳು.

ಅಷ್ಟರಲ್ಲಿ ಅಕ್ಕನದೇ ಫೋನು. “ಏನ್ಲಾ, ಬೂಟ್ ಆಯ್ತಾ?” ನಾನು ಫೋನನ್ನು ಚೈತ್ರಳಿಗೆ ಕೊಟ್ಟೆ. ಅವಳು ಕೆಳಗಿನ ಕಲ್ಯಾಣಿಯನ್ನು ನೋಡುತ್ತ, “ಶೂ ಸರಿ ಐತೆ ಕಣಮ್ಮ. ಕಾಲೇ ಇನ್ನೂ ಸರಿಯಾಗಿಲ್ಲ. ಈ ಸಲ ತಂಡದವ್ರು ಹೋಗ್ಬರ್ಲಿ” ಎಂದಳು.

ಜೀವಮಾನವಿಡೀ ಹೆದರಿದವನಿಗೆ ಒಂದು ಹೆದರಿಕೆಯಾದರೂ ನಿಜವಾದಾಗ ಗೆದ್ದ ಹೆಮ್ಮೆ ಬರಬೇಕಿತ್ತು. ಬರಲಿಲ್ಲ. ಅವಳು ಹೋಗುವುದಿಲ್ಲವೆಂಬ ಸಮಾಧಾನದ ಬೆನ್ನಿಗೇ, ಮುಂದಿನ ವರ್ಷ ಹೋಗದೆ ಬಿಟ್ಟಾಳೆಯೇ ಎಂಬ ಹೊಸ ಕಳವಳ, ಕಾಲು ವಾಸಿಯಾಗದೆ ಎಂದೂ ಹೋಗಲಾರದೆ ಹೋದರೆ ಎಂಬ ಇನ್ನೂ ಹೊಸದೊಂದು.

ನಿಲ್ದಾಣದಲ್ಲಿ ಬಸ್ಸು ಹೊರಡುವುದರಲ್ಲಿತ್ತು; ಜನ ಓಡುತ್ತಿದ್ದರು. ಅವಳೂ ಒಂದು ಹೆಜ್ಜೆ ಓಡಿ ನಿಂತಳು.

“ನಂಗೆ ಮಂಡಿ ಇಡ್ಕಂಡೈತೆ ಕಣವ್ವ, ಮುಂದಿನ ಬಸ್ಸಿಗೆ ಓಗನ” ಎಂದೆ.

“ನಿಮ್ ಮಂಡಿಗೇನೂ ಆಗಿಲ್ಲ ಮಾವ” ಎಂದಳು. ಆದರೂ ನನ್ನ ಪಕ್ಕದಲ್ಲಿ ನಿಧಾನವಾಗಿಯೇ ನಡೆದಳು.